ಲೆಕ್ಕ ಬರೆಯುವವರು ಒಬ್ಬರು, ಸಹಿ ಮಾಡುವವರು ಇನ್ನೊಬ್ಬರು



ದೀಪಾವಳಿ ಪಾಡ್ಯದ ದಿನ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮ ಅಂಗಡಿಗಳಲ್ಲಿ ಹೊಸ ವಹಿಗೆ ಪೂಜೆ ಸಲ್ಲಿಸುವ ಪದ್ಧತಿ ಹಿರಿಯರಿಂದ ನಡೆದು ಬಂದಿದೆ. ಗಣಕಯಂತ್ರ ಬಂದ ಮೇಲೂ ಕೆಂಪು ಬಟ್ಟೆಯ ರಟ್ಟಿನ ವಹಿಯೊಂದನ್ನು ತಂದು, ವಿಭೂತಿ ಧರಿಸಿ, ಹೂ ಏರಿಸುವವರು ಇದ್ದಾರೆ. ಮೊದಲ ಪುಟದ ಶ್ರೀಕಾರ ಬಿಟ್ಟರೆ ಆ ವಹಿಯಲ್ಲಿ ವರ್ಷವಿಡೀ ಮತ್ತೇನನ್ನೂ ಬರೆಯುವುದಿಲ್ಲ. ಅದಿರಲಿ. ನಾವು ಇಲ್ಲಿ ಕೇಳಬೇಕೆಂದಿರುವುದು ಇನ್ನೊಂದು ವಹಿಯ ಮಾತು.

ಆ ಇನ್ನೊಂದು ವಹಿ ನಮ್ಮ ಅಂಗಡಿಯಲ್ಲಿ ಇರುವುದಿಲ್ಲ. ಪೇಟೆಯ ಯಾವುದೋ ಮಾಳಿಗೆಯ ಮೇಲಿನ ಕೋಣೆಯಲ್ಲಿ, ಟ್ಯಾಕ್ಸಿನ ಕೆಲಸ ಮಾಡುವವರ ಹತ್ತಿರ ಇರುತ್ತದೆ. ವರ್ಷಕ್ಕೊಮ್ಮೆ ಒಂದು ಚೀಲದ ತುಂಬ ಮಾರಾಟದ ಪಟ್ಟಿ, ಬ್ಯಾಂಕಿನ ಪುಸ್ತಕ, ಸಾತ್‌ಬಾರಾ ಉತಾರೆ ತುಂಬಿಕೊಂಡು ಹೋಗಿ ಅವರ ಮೇಜಿನ ಮೇಲೆ ಇಡುತ್ತೇವೆ. "ನೀವ ನೋಡ್ಕೊಂಡು ಮಾಡ್ರಿ" ಎನ್ನುತ್ತೇವೆ. ಎರಡು ದಿನ ಬಿಟ್ಟು ಮೊಬೈಲಿಗೆ ಆರು ಅಂಕಿ ಬರುತ್ತವೆ. ಫೋನಿನಲ್ಲಿ ಅವನ್ನು ಓದಿ ಹೇಳುತ್ತೇವೆ. ಅಲ್ಲಿಗೆ ನಮ್ಮ ಕೆಲಸ ತೀರಿತು. ನಮ್ಮ ಹೆಸರಿನಲ್ಲಿ ಸರಕಾರಕ್ಕೆ ಹೋದ ಆ ಕಾಗದದಲ್ಲಿ ಏನು ಬರೆದಿತ್ತೆಂದು ಓದಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಈ ಪ್ರಶ್ನೆ ಹುಟ್ಟಿದ್ದು ಮಠದ ಕಚೇರಿಯಲ್ಲಿ ನಡೆದ ಒಂದು ಪ್ರಸಂಗದಿಂದ. ಕಾಳಿನ ಅಡತಿ ಅಂಗಡಿಯ ಒಬ್ಬ ಸದ್ಭಕ್ತರು, ಹೆಸರು ಬೇಡ, ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಬಂದರು. ಜಾತ್ರೆಯ ದಾಸೋಹಕ್ಕೆ ಪ್ರತಿವರ್ಷ ತೊಗರಿಬೇಳೆ ಕಳಿಸುವ ಮನೆತನ ಅವರದು. ವಿದ್ಯಾರ್ಥಿ ನಿಲಯಕ್ಕೆಂದು 5,001 ರೂಪಾಯಿ ನಗದು ಮೇಜಿನ ಮೇಲಿಟ್ಟು, "ಮಾಸ್ತರ, ರಸೀದಿ ಮಾತ್ರ ಐವತ್ತು ಸಾವಿರದ ಒಂದಕ್ಕ ಬರೀರಿ. ನಮ್ಮ ಟ್ಯಾಕ್ಸಿನವ್ರು ಹೇಳ್ಯಾರ" ಎಂದರು.

ನಮ್ಮ ಕಚೇರಿಯ ಲೆಕ್ಕ ನೋಡುವವರು ನಿವೃತ್ತ ಶಾಲಾ ಮಾಸ್ತರರು. ಅವರು ಸಿಟ್ಟಾಗಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಕನ್ನಡಕ ತೆಗೆದು, "ಸಾವ್ಕಾರ್ರ, ಉಳಿದ ನಲವತ್ತೈದು ಸಾವಿರ ನಾ ಎಲ್ಲಿಂದ ತಂದು ಜಮಾ ಮಾಡ್ಲಿ?" ಎಂದು ಕೇಳಿದರು.

ಸಾವಕಾರರಿಗೆ ಈ ಮಾತು ನೋವು ತಂದಿತು. "ನಾ ಏನ್ ಕಳವು ಮಾಡಾಕ ಹತ್ತೀನೇನ್ರಿ? ಪ್ಯಾಟಿಯೊಳಗ ಎಲ್ಲಾರೂ ಮಾಡ್ತಾರ. ಮತ್ತ ಲೆಕ್ಕ ಬರಿಯಾವ್ರು ಅವ್ರು, ನಾ ಅಲ್ಲ" ಎಂದು ಎದ್ದು ಹೋದರು. ಎರಡು ತಿಂಗಳು ಮಠದ ಕಡೆ ಹಾಯಲಿಲ್ಲ.

ಇಲ್ಲಿ ಒಂದು ಮಾತು ಬದಿಗೆ ಹೇಳಿಬಿಡುತ್ತೇವೆ. 2017-18ರ ಹಣಕಾಸು ವರ್ಷದಿಂದ ಎರಡು ಸಾವಿರ ರೂಪಾಯಿಗೆ ಮೀರಿ ನಗದಾಗಿ ಕೊಟ್ಟ ದಾನಕ್ಕೆ ತೆರಿಗೆಯ ವಿನಾಯಿತಿಯೇ ಇಲ್ಲ. 2021-22ರಿಂದ ದಾನ ಪಡೆದ ಸಂಸ್ಥೆಯು ಕೊಟ್ಟವರ ಹೆಸರು, ಪ್ಯಾನ್ ನಂಬರು, ಕೊಟ್ಟ ಮೊತ್ತ ಎಲ್ಲವನ್ನೂ ತಾನೇ ಇಲಾಖೆಗೆ ತಿಳಿಸಬೇಕು. ಅಂದರೆ ನಗದು ಕೊಟ್ಟು ದೊಡ್ಡ ರಸೀದಿ ತನ್ನಿರೆಂದು ಕಳಿಸಿದ ಆ ಪುಣ್ಯಾತ್ಮನಿಗೆ ಸುಳ್ಳು ಬರೆಯುವುದಕ್ಕೂ ಕಾಯ್ದೆ ಗೊತ್ತಿರಲಿಲ್ಲ. ಅಂಥವರ ಕೈಯಲ್ಲಿ ನಮ್ಮ ಭಕ್ತರು ಮನೆತನದ ಹೆಸರನ್ನು ಇಟ್ಟಿದ್ದರು.

ಆದರೆ ನಮ್ಮನ್ನು ಕಾಡಿದ್ದು ಕಾಯ್ದೆಯ ಮಾತಲ್ಲ. "ಬರಿಯಾವ್ರು ಅವ್ರು, ನಾ ಅಲ್ಲ" ಎಂಬ ಮಾತು ಕಾಡಿತು. ಒಬ್ಬರಿಗೆ ಸಂಬಳ ಕೊಟ್ಟು ಕೆಲಸ ಒಪ್ಪಿಸಿದರೆ ಅದರೊಳಗಿನ ತಪ್ಪೂ ಅವರ ಪಾಲಿಗೆ ಹೋಗುತ್ತದೆಯೇ? ಹೊಲಕ್ಕೆ ಆಳು ಹಚ್ಚಿದರೆ ಬೆವರು ಆಳಿನದು, ಬೆಳೆ ಒಡೆಯನದು. ಲೆಕ್ಕಕ್ಕೆ ಆಳು ಹಚ್ಚಿದಾಗ ಲಾಭ ನಮ್ಮದು, ಸುಳ್ಳು ಮಾತ್ರ ಅವನದು ಎನ್ನಲು ಬರುತ್ತದೆಯೇ?

ಲೆಕ್ಕ ಬರೆಯುವುದು ನಮ್ಮ ಸಮಾಜಕ್ಕೆ ಹೊರಗಿನ ವಿದ್ಯೆಯಲ್ಲ. ಅಣ್ಣ ಬಸವಣ್ಣನವರು ಕಲ್ಯಾಣದ ಭಂಡಾರಿಯಾಗುವ ಮೊದಲು ಮಂಗಳವೇಢೆಯಲ್ಲಿ ಕರಣಿಕರಾಗಿದ್ದರೆಂದು ನಮ್ಮ ಪರಂಪರೆ ಹೇಳುತ್ತದೆ. ಆ ಮಂಗಳವೇಢೆ ಇಂದು ಸೊಲ್ಲಾಪುರ ಜಿಲ್ಲೆಯ ತಾಲೂಕಿನ ಊರು. ನಮ್ಮ ಓದುಗರಲ್ಲಿ ಹಲವರು ಅಲ್ಲಿಯ ಸಂತೆಗೆ ಹೋಗಿ ಬಂದವರೇ. ಭಂಡಾರದ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಬಿಜ್ಜಳನಲ್ಲಿ ದೂರು ಹೇಳಿದ್ದು, ಅರಸನು ಭಂಡಾರವನ್ನು ಎಣಿಸಿ ನೋಡಿದಾಗ ಲೆಕ್ಕ ಸರಿಯಾಗಿದ್ದದ್ದು ಎಲ್ಲರೂ ಬಲ್ಲ ಕಥೆ. ಅದರ ಪವಾಡದ ಭಾಗವನ್ನು ಒಂದು ಕಡೆ ಇಟ್ಟು ನೋಡಿದರೂ ಒಂದು ಸಂಗತಿ ಉಳಿಯುತ್ತದೆ. ಆ ಭಂಡಾರದಲ್ಲಿ ಕೈಕೆಳಗಿನ ಲೆಕ್ಕಿಗರು ಇದ್ದೇ ಇದ್ದಿರಬೇಕು. ಆದರೂ ಅರಸನ ಮುಂದೆ ಉತ್ತರ ಕೊಡಲು ನಿಂತವರು ಬಸವಣ್ಣನವರೇ. ಬರೆದವರು ಬೇರೆಯವರು ಎಂಬ ಮಾತು ಕಥೆಯಲ್ಲಿ ಎಲ್ಲಿಯೂ ಬರುವುದಿಲ್ಲ.

ನಮ್ಮ ರೈತರಿಗೆ ಮಾತ್ರ ಲೆಕ್ಕವೆಂದರೆ ತಲೆಮಾರುಗಳಿಂದ ಇನ್ನೊಬ್ಬರ ಕೈಯ ವಸ್ತು. ಊರಿನ ದಫ್ತರ ಕುಲಕರ್ಣಿಯ ಹತ್ತಿರ, ಸಾಲದ ವಹಿ ಸಾವಕಾರನ ಹತ್ತಿರ, ರೈತನ ಹತ್ತಿರ ಹೆಬ್ಬೆಟ್ಟು ಒಂದೇ. 1875ರ ಮೇ ತಿಂಗಳಿನಲ್ಲಿ ಪುಣೆ ಜಿಲ್ಲೆಯ ಸೂಪೆ ಎಂಬಲ್ಲಿ ರೈತರು ದಂಗೆ ಎದ್ದು ಸಾವಕಾರರ ಮನೆಗಳ ಸಾಲಪತ್ರಗಳನ್ನು ಸುಟ್ಟರು. ಪುಣೆ ಹಾಗೂ ಆಗಿನ ಅಹಮದನಗರ ಜಿಲ್ಲೆಗಳ ಹಳ್ಳಿಗಳಿಗೆ ಆ ಬೆಂಕಿ ಹಬ್ಬಿತು. ತಾವು ಓದಲಾರದ, ಆದರೆ ತಮ್ಮದೇ ಹೆಬ್ಬೆಟ್ಟು ಇದ್ದ ಕಾಗದಗಳ ಮೇಲೆ ಅವರಿಗೆ ಅಷ್ಟು ರೋಷ. ನಾಲ್ಕು ವರ್ಷಕ್ಕೆ, 1879ರಲ್ಲಿ, ಇಂಗ್ಲಿಷ್ ಸರಕಾರ ದಖ್ಖನ್ ರೈತರ ಪರಿಹಾರ ಕಾಯ್ದೆ ತಂದಿತು. ಅದು ಜಾರಿಗೆ ಬಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಸೊಲ್ಲಾಪುರವೂ ಒಂದು. ರೈತನು ಕೊಟ್ಟ ಹಣಕ್ಕೆ ರಸೀದಿ ಕೊಡಬೇಕು, ಅವನ ಲೆಕ್ಕವನ್ನು ಅವನಿಗೆ ತೋರಿಸಬೇಕು, ಸಾಲದ ಪತ್ರವನ್ನು ಗ್ರಾಮದ ನೋಂದಣಿ ಅಧಿಕಾರಿಯ ಮುಂದೆ ಬರೆಯಬೇಕು ಎಂಬ ಮಾತು ಕಾಯ್ದೆಯೊಳಗೆ ಸೇರಬೇಕಾದರೆ ಅಷ್ಟೊಂದು ಬೆಂಕಿ ಬೇಕಾಯಿತು. ಕುಲಕರ್ಣಿ ವತನವು 1950ರ ಕಾಯ್ದೆಯಿಂದ ಹೋಯಿತು.

ಇಂದು ನಮ್ಮ ಮಕ್ಕಳು ಕಲಿತಿದ್ದಾರೆ, ಹೆಬ್ಬೆಟ್ಟು ಹೋಗಿದೆ. ಆದರೆ ಮೊಬೈಲಿಗೆ ಬರುವ ಆ ಆರು ಅಂಕಿ ಏನು? ಅದೇ ಇಂದಿನ ಹೆಬ್ಬೆಟ್ಟು. ಅದನ್ನು ಹೇಳಿದ ಗಳಿಗೆಗೆ, "ಈ ಕಾಗದದಲ್ಲಿರುವುದೆಲ್ಲ ನಾನು ಬಲ್ಲಂತೆ ಸತ್ಯ, ಪೂರ್ಣ" ಎಂಬ ಪ್ರಮಾಣಕ್ಕೆ ನಾವು ಸಹಿ ಹಾಕಿದಂತಾಯಿತು. ಪ್ರಮಾಣ ನಮ್ಮ ಹೆಸರಿನಲ್ಲಿದೆ, ತಂದೆಯ ಹೆಸರೂ ಅದರಲ್ಲಿ ಬರುತ್ತದೆ. ಟ್ಯಾಕ್ಸಿನವರ ಹೆಸರು ಇರಲೂಬಹುದು, ಇಲ್ಲದಿರಲೂಬಹುದು. ನಮ್ಮ ಅಜ್ಜಂದಿರು ಓದಲು ಬಾರದೆ ಹೆಬ್ಬೆಟ್ಟು ಒತ್ತಿದರು. ನಾವು ಓದಲು ಬಂದರೂ ಒತ್ತುತ್ತಿದ್ದೇವೆ.

2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆಯವರು ದೇಶದ ಹಲವು ರಾಜ್ಯಗಳಲ್ಲಿ ಸುಮಾರು 150 ಕಡೆ ತಪಾಸಣೆ ಕೈಗೊಂಡರು. ಅವುಗಳಲ್ಲಿ ಮಹಾರಾಷ್ಟ್ರ, ತಮಿಳುನಾಡುಗಳೂ ಇದ್ದವು. ಗುರಿ ದೊಡ್ಡ ಉದ್ಯಮಪತಿಗಳಲ್ಲ. ಸಾಮಾನ್ಯರ ರಿಟರ್ನು ತುಂಬಿಕೊಡುವ ಮಧ್ಯಸ್ಥರು. ಇಲ್ಲದ ದಾನ, ಇಲ್ಲದ ಸಾಲದ ಬಡ್ಡಿ, ಇಲ್ಲದ ವೈದ್ಯಕೀಯ ಖರ್ಚು ತೋರಿಸಿ, ಕಡಿತವಾದ ತೆರಿಗೆಯನ್ನು ಮರಳಿ ತರಿಸಿ, ಅದರಲ್ಲಿ ಕಮಿಷನ್ ತಿನ್ನುವುದು ಅವರ ಉದ್ಯೋಗ. ಇಲಾಖೆ ಅಂದು ಹೊರಡಿಸಿದ ಪ್ರಕಟಣೆಯಲ್ಲಿ ಒಂದು ಸಣ್ಣ ಸಂಗತಿ ಇತ್ತು. ನಮಗೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ಅದೇ. ಈ ಮಧ್ಯಸ್ಥರು ರಿಟರ್ನು ತುಂಬುವುದಕ್ಕೆಂದೇ ತಾತ್ಪೂರ್ತಿಕ ಈಮೇಲ್ ವಿಳಾಸಗಳನ್ನು ತೆರೆದು, ಕೆಲಸ ಮುಗಿದ ಮೇಲೆ ಬಿಟ್ಟುಬಿಡುತ್ತಾರಂತೆ. ಇಲಾಖೆಯ ನೋಟೀಸು ಆ ವಿಳಾಸಕ್ಕೆ ಹೋಗಿ ಯಾರೂ ಓದದೆ ಬಿದ್ದಿರುತ್ತದೆ. ಇತ್ತ ಮನೆಯ ಯಜಮಾನರು ಏನೂ ಅರಿಯದೆ ಜೋಳ ಬಿತ್ತುತ್ತಿರುತ್ತಾರೆ.

ಈ ಲೇಖನ ಬರೆಯಲು ಕುಳಿತಾಗ ನಮ್ಮದೇ ರಿಟರ್ನನ್ನು ತೆರೆಸಿ ನೋಡಿದೆವು. ಅದರಲ್ಲಿದ್ದ ಈಮೇಲ್ ನಮ್ಮದಾಗಿರಲಿಲ್ಲ. ಏಳು ವರ್ಷಗಳಿಂದ ಅದೇ ವಿಳಾಸ. ದೋಷವೇನೂ ನಡೆದಿರಲಿಲ್ಲ, ನಮ್ಮ ಲೆಕ್ಕಿಗರು ಸಜ್ಜನರೇ. ಅನುಕೂಲಕ್ಕೆಂದು ತಮ್ಮದನ್ನು ಹಾಕಿದ್ದರು. ಆದರೂ ಬೇರೆಯವರಿಗೆ ಹೇಳಲು ಹೊರಟವರ ಮನೆಯ ಲೆಕ್ಕ ಹೀಗಿತ್ತೆಂಬುದನ್ನು ಮುಚ್ಚಿಡುವುದು ತರವಲ್ಲ.

ಸುಳ್ಳು ಬಯಲಾದರೆ ಕಟ್ಟಬೇಕಾದವರು ಯಾರು? ವರಮಾನವನ್ನು ಕಡಿಮೆ ತೋರಿಸಿದ್ದಕ್ಕೆ ತಪ್ಪಿದ ತೆರಿಗೆಯ ಅರ್ಧದಷ್ಟು ದಂಡ. ಸುಳ್ಳು ಸಂಗತಿ ಬರೆದು ತಪ್ಪಿಸಿದ್ದರೆ ಆ ತೆರಿಗೆಯ ಎರಡು ಪಟ್ಟು. ಅಸಲು ತೆರಿಗೆ, ಬಡ್ಡಿ ಬೇರೆ. ತಂದುಕೊಟ್ಟ ಹಣದಲ್ಲಿ ಕಮಿಷನ್ ತಿಂದವರು ದಂಡದಲ್ಲಿ ಪಾಲು ಕೊಡಲು ಬರುವುದಿಲ್ಲ. ಅದಕ್ಕೇ ಲೆಕ್ಕಿಗರನ್ನು ಆರಿಸುವಾಗ ಮೊದಲು ಕೇಳಬೇಕಾದದ್ದು ಅವರ ದರ ಹೇಗೆ ಎಂಬುದನ್ನು. ತಂದುಕೊಟ್ಟ ಹಣದಲ್ಲಿ ಇಷ್ಟು ಶೇಕಡಾ ಎಂದು ಅವರು ಹೇಳಿದರೆ ಅಲ್ಲಿಂದ ಎದ್ದು ಬರುವುದು ಲೇಸು. ಚಾರ್ಟರ್ಡ್ ಅಕೌಂಟೆಂಟರಿಗಂತೂ 1949ರ ಅವರ ಕಾಯ್ದೆಯೇ ಲಾಭದ ಶೇಕಡಾವಾರಿನಲ್ಲಿ ಅಥವಾ ಫಲಿತಾಂಶವನ್ನು ನೋಡಿ ಶುಲ್ಕ ಪಡೆಯಬಾರದೆಂದು ಕಟ್ಟು ಮಾಡಿದೆ. ಇದರ ಹಿಂದಿನ ವಿವೇಕ ಅಡತಿ ವ್ಯಾಪಾರಿಗಳಿಗೆ ಹೇಳಿಕೊಡಬೇಕಾಗಿಲ್ಲ. ತೂಕ ಮಾಡುವವನಿಗೆ ತೂಕದಲ್ಲಿಯೇ ಪಾಲು ಕೊಟ್ಟರೆ ತಕ್ಕಡಿ ನೆಟ್ಟಗೆ ನಿಲ್ಲುವುದಿಲ್ಲ.

ಹಾಗೆಂದು ಹೆಚ್ಚು ತೆರಿಗೆ ಕಟ್ಟಿಸುವವರೇ ಪ್ರಾಮಾಣಿಕರೆಂದು ತಿಳಿಯಬಾರದು. ಅದು ಇನ್ನೊಂದು ಬಗೆಯ ಅಜ್ಞಾನ. ಕಾಯ್ದೆ ಬಿಟ್ಟುಕೊಟ್ಟದ್ದನ್ನು ಉಳಿಸಿಕೊಳ್ಳುವುದು ಪಾಪವಲ್ಲ. ಅಕ್ಕಲಕೋಟದ ಕಡೆ ಹೆದ್ದಾರಿಗೆಂದು ಹೊಲ ಕಳೆದುಕೊಂಡ ಒಬ್ಬ ರೈತರು ಪರಿಹಾರದ ಹಣದಲ್ಲಿ ತೆರಿಗೆ ಎಷ್ಟು ಹೋಗುವುದೋ ಎಂದು ಹೆದರಿ ಕುಳಿತಿದ್ದರು. ಅವರ ಲೆಕ್ಕಿಗರು ಪಾಪಭೀರು ಮನುಷ್ಯರು, "ಕಟ್ಟಿಬಿಡ್ರಿ, ಸರಕಾರದ ತಂಟಿ ಬ್ಯಾಡ" ಎಂದಿದ್ದರು. ವಾಸ್ತವದಲ್ಲಿ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಕಡ್ಡಾಯವಾಗಿ ವಶಪಡಿಸಿಕೊಂಡ ಜಮೀನಿನ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. 2016ರ ಅಕ್ಟೋಬರಿನಲ್ಲಿ ತೆರಿಗೆ ಮಂಡಳಿಯೇ ಸುತ್ತೋಲೆ ಹೊರಡಿಸಿ ಇದನ್ನು ಸ್ಪಷ್ಟಪಡಿಸಿದೆ. ಹೆದರುವ ಲೆಕ್ಕಿಗರು ಆ ಸುತ್ತೋಲೆ ಓದಿರಲಿಲ್ಲ. ಅರ್ಧ ಜೀವನ ಉತ್ತ ಹೊಲ ಹೋದ ಮೇಲೆ ಅದರ ಬೆಲೆಯಲ್ಲಿಯೂ ಸಲ್ಲದ ಭಾಗ ಹೋಗುವುದಿತ್ತು. ಸಜ್ಜನಿಕೆ ಬೇಕು, ಓದೂ ಬೇಕು. ಎರಡರಲ್ಲಿ ಒಂದಿದ್ದರೆ ಸಾಲದು.

ಈಗ ನಮ್ಮವರಿಗೇ ವಿಶೇಷವಾಗಿ ಅಂಟಿದ ಒಂದು ಆಸೆಯ ಮಾತು ಹೇಳಬೇಕು. ಹೇಳಲು ಸಂಕೋಚವೂ ಆಗುತ್ತದೆ. ನಮ್ಮಲ್ಲಿ ಬಹಳ ಮಂದಿಗೆ ಪೇಟೆಯಲ್ಲಿ ಅಂಗಡಿ, ಊರಲ್ಲಿ ಹೊಲ. ಹೊಲದ ಆದಾಯಕ್ಕೆ ತೆರಿಗೆ ಇಲ್ಲ, ಅಂಗಡಿಯದಕ್ಕೆ ಇದೆ. ಅಂಗಡಿಯ ಗಳಿಕೆಯನ್ನು ಹೊಲದ ಗಳಿಕೆಯೆಂದು ಬರೆಯಿಸುವುದು ಎಷ್ಟು ಸುಲಭ! ಸಾತ್‌ಬಾರಾದಲ್ಲಿ ಪೀಕು ಜೋಳ, ರಿಟರ್ನಿನಲ್ಲಿ ದ್ರಾಕ್ಷಿ, ದಾಳಿಂಬೆಯ ವರಮಾನ. ಬರ ಬಿದ್ದು ಊರೆಲ್ಲ ಗುಳೆ ಹೋದ ವರ್ಷವೂ ಕೆಲವರ ಹೊಲ ಮಾತ್ರ ಕಾಗದದ ಮೇಲೆ ಹುಲುಸಾಗಿ ಬೆಳೆಯುತ್ತದೆ. ಮಹಾರಾಷ್ಟ್ರದಲ್ಲಿ 2021ರಿಂದ ಬೆಳೆಯ ನೋಂದಣಿಯನ್ನು ರೈತರೇ ಮೊಬೈಲಿನಲ್ಲಿ, ಹೊಲದಲ್ಲಿ ನಿಂತು, ಚಿತ್ರ ಸಮೇತ ಮಾಡುವ ಪದ್ಧತಿ ಬಂದಿದೆ. ಒಬ್ಬನೇ ಮನುಷ್ಯ ಒಂದು ಮೊಬೈಲಿನಲ್ಲಿ ಜೋಳವೆಂದು, ಇನ್ನೊಂದರಲ್ಲಿ ದ್ರಾಕ್ಷಿಯೆಂದು ಹೇಳುವಂತಾಯಿತು.

ಸಿಕ್ಕಿಬೀಳುವ ಭಯಕ್ಕಾಗಿ ಇದನ್ನು ಹೇಳುತ್ತಿಲ್ಲ. ಹೊಲದ ಆದಾಯಕ್ಕೆ ತೆರಿಗೆ ಬೇಡವೆಂಬ ಏರ್ಪಾಡಿಗೆ ಎಲ್ಲರೂ ಕೊಡುವ ಸಮರ್ಥನೆ ಒಂದೇ: ಮಳೆಯನ್ನು ನಂಬಿ ಬದುಕುವವರ ಕಷ್ಟ. ಆ ನೆರಳು ಒಣಬೇಸಾಯದ ರೈತನದು. ಅಂಗಡಿಯವರು ಅದರೊಳಗೆ ನುಗ್ಗಿ ನಿಂತಷ್ಟೂ, ಹೊಲದವರಿಗೂ ತೆರಿಗೆ ಹಾಕಿರಿ ಎನ್ನುವವರ ಬಾಯಿಗೆ ಮಾತು ಸಿಗುತ್ತದೆ. ನಾಳೆ ಆ ನೆರಳು ಹೋದರೆ ಸುಡುವುದು ಯಾರ ಬೆನ್ನು? ಆಯ್ದಕ್ಕಿ ಮಾರಯ್ಯನವರು ಎಂದಿನ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಮರಳಿ ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹೇಳಿದರು. ಆ ಅಕ್ಕಿ ಕದ್ದದ್ದಾಗಿರಲಿಲ್ಲ. ಬೇರೆಯವರ ಪಾಲು ಮನೆಗೆ ಬಂತಲ್ಲಾ ಎಂಬುದು ಆ ತಾಯಿಯ ಅಂಜಿಕೆ. ಮನೆಯ ಲೆಕ್ಕಿಗರು ಲಕ್ಕಮ್ಮನವರಂತೆ ಇರಬೇಕೆಂದರೆ ಅತಿಯಾಯಿತೆನ್ನುವಿರೇನೋ. ಆದರೆ "ಇದು ಬರೆಯಲು ಬರುವುದಿಲ್ಲ" ಎಂದು ನಮ್ಮ ಮುಖಕ್ಕೆ ಹೇಳುವ ಎದೆಯಾದರೂ ಅವರಿಗೆ ಬೇಕು. ನಮ್ಮ ಅನುಭವದಲ್ಲಿ ಒಳ್ಳೆಯ ಲೆಕ್ಕಿಗರು ವರ್ಷಕ್ಕೆ ಒಮ್ಮೆಯಾದರೂ ಇಲ್ಲ ಎನ್ನುತ್ತಾರೆ. ಹೇಳಿದ್ದಕ್ಕೆಲ್ಲ ತಲೆಯಾಡಿಸುವವರನ್ನು ಕಂಡರೆ ನಮಗೆ ದಿಗಿಲು.

ಸರಕಾರಕ್ಕೆ ಯಾಕೆ ಕಟ್ಟಬೇಕು ಎಂಬ ಪ್ರಶ್ನೆಯೂ ಗೋಷ್ಠಿಗಳಲ್ಲಿ ಬರುತ್ತದೆ. ಗಡಿಯವರ ಬಾಯಲ್ಲಿ ಅದಕ್ಕೆ ತೂಕವಿದೆ. ಮುಂಬಯಿಗೆ ನಾವು ದೂರ, ಬೆಂಗಳೂರಿಗೆ ನಾವು ಹೊರಗಿನವರು. ಕನ್ನಡ ಶಾಲೆಗೆ ಮಾಸ್ತರರಿಲ್ಲ, ರಸ್ತೆ ಗಡಿಯ ಕಲ್ಲಿಗೆ ಬಂದು ನಿಲ್ಲುತ್ತದೆ. ಈ ದುಃಖ ನಿಜ, ನಾವೂ ಉಂಡದ್ದೇ. ಆದರೆ ಸುಳ್ಳು ರಸೀದಿ ಬರೆಯಿಸಿಕೊಂಡವರು ಯಾರೂ ಆ ಹಣವನ್ನು ಕನ್ನಡ ಶಾಲೆಗೆ ಕೊಟ್ಟದ್ದನ್ನು ನಾವು ಕಂಡಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕಟ್ಟಿಸಿದ ಕೆರೆ ಸೊಲ್ಲಾಪುರದ ನಡುವೆ ಇಂದಿಗೂ ಇದೆ. ಅದಕ್ಕೆ ಮಣ್ಣು ಹೊತ್ತವರಲ್ಲಿ ಬುಟ್ಟಿ ಅರ್ಧ ತುಂಬಿ ಪೂರ್ತಿ ಎಂದು ಎಣಿಸಿದವರೇ ಹೆಚ್ಚಾಗಿದ್ದರೆ ಕೆರೆ ನಿಲ್ಲುತ್ತಿರಲಿಲ್ಲ.

ಇನ್ನು "ನಮ್ಮವರು" ಎಂಬ ಮಾತು. ಲೆಕ್ಕಿಗರನ್ನು ಆರಿಸುವಾಗ ನಾವು ಮೊದಲು ನೋಡುವುದು ಇದನ್ನೇ: ನಮ್ಮ ಪೈಕಿಯವರೇ, ಬೀಗರ ಕಡೆಯವರೇ, ಕನ್ನಡ ಬಲ್ಲರೇ? ಇದನ್ನು ಸುಮ್ಮನೆ ಹೀಗಳೆಯಲು ಆಗದು. ಇಲ್ಲಿ ಕಾಗದ ಮರಾಠಿ, ಇಂಗ್ಲಿಷ್. ಆದವಾನಿ, ರಾಯದುರ್ಗದ ಕಡೆ ತೆಲುಗು. ತಾಳವಾಡಿಯ ಕಡೆ ತಮಿಳು. ಸಾಲದ ಮಾತು, ಆಸ್ತಿಯ ಪಾಲಿನ ಮಾತು, ಮಗಳಿಗೆ ಕೊಟ್ಟ ಬಂಗಾರದ ಮಾತು ಇವನ್ನೆಲ್ಲ ಮನೆಯ ಭಾಷೆಯಲ್ಲಿ ಹೇಳಿದರೇ ಪೂರ್ತಿ ಹೇಳಿದಂತಾಗುವುದು. ಭಾಷೆ ಬಾರದ ಕಡೆ ಅರ್ಧ ಹೇಳಿ ಹೂಂ ಎಂದು ಬರುತ್ತೇವೆ. ಆದುದರಿಂದ ಕನ್ನಡ ಬಲ್ಲ ಲೆಕ್ಕಿಗರು ಸಿಕ್ಕರೆ ಭಾಗ್ಯವೇ. ತೊಂದರೆ ಬರುವುದು ಬಂಧುತ್ವವೇ ವಿದ್ಯೆಯ ಜಾಗದಲ್ಲಿ ಕುಳಿತಾಗ. ಬೀಗರ ಹುಡುಗನಿಗೆ "ಇದ್ಯಾಕ ಹಿಂಗ ಬರದೀಪಾ?" ಎಂದು ಕೇಳಲು ನಮಗೆ ಮುಜುಗರ; ನಮಗೆ "ಕಾಕಾ, ಇದು ಆಗೂದಿಲ್ಲ" ಎನ್ನಲು ಅವನಿಗೆ ಮುಜುಗರ. ಇಬ್ಬರ ಮುಜುಗರದ ನಡುವೆ ಸುಳ್ಳು ಆರಾಮಾಗಿ ಕುಳಿತಿರುತ್ತದೆ.

ಅವರ ವಿದ್ಯೆಯನ್ನು ಪರೀಕ್ಷಿಸುವುದು ಹೇಗೆ? ಚಾರ್ಟರ್ಡ್ ಅಕೌಂಟೆಂಟ್ ಎಂದು ಫಲಕ ಹಾಕಿದ್ದರೆ ಅವರ ಸದಸ್ಯತ್ವದ ನಂಬರನ್ನು ಸಂಸ್ಥೆಯ ಪಟ್ಟಿಯಲ್ಲಿ ಯಾರಾದರೂ ನೋಡಬಹುದು. 2019ರಿಂದ ಅವರು ಕೊಡುವ ಪ್ರಮಾಣಪತ್ರಗಳಿಗೆಲ್ಲ ಹದಿನೆಂಟು ಅಂಕಿ ಅಕ್ಷರಗಳ ಒಂದು ಗುರುತು ಕಡ್ಡಾಯವಾಗಿದೆ. ಕಾಲೇಜಿಗೆ ಹೋಗುವ ಮಕ್ಕಳು ಅದು ನಿಜವೋ ಅಲ್ಲವೋ ಎಂಬುದನ್ನು ನಿಮಿಷದಲ್ಲಿ ತೆಗೆದು ತೋರಿಸುತ್ತಾರೆ. ಎಲ್ಲರಿಗೂ ಅವರೇ ಬೇಕೆಂದಿಲ್ಲ. ಲೆಕ್ಕದ ತಪಾಸಣೆ ಬೇಕಾದಷ್ಟು ದೊಡ್ಡ ವ್ಯಾಪಾರಕ್ಕೆ ಅವರೇ ಆಗಬೇಕು. ಸಣ್ಣ ಅಂಗಡಿಗೆ ಅನುಭವವುಳ್ಳ ತೆರಿಗೆಯ ವಕೀಲರು ಸಾಕು. ಪಿಂಚಣಿ ಹಾಗೂ ಬ್ಯಾಂಕಿನ ಬಡ್ಡಿ ಮಾತ್ರ ಇರುವ ಹಿರಿಯರ ಲೆಕ್ಕವನ್ನು ಮನೆಯ ಮಗಳೇ ತುಂಬಬಲ್ಲಳು. 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗಿನ ಸಾಮಾನ್ಯ ವರಮಾನಕ್ಕೆ ತೆರಿಗೆಯೇ ಬೀಳದಂತಾದ ಮೇಲೆ, ಇಲ್ಲದ ದಾನ ಬರೆಯಿಸುವ ಗರಜು ನಮ್ಮಲ್ಲಿ ಬಹುತೇಕರಿಗೆ ಉಳಿದಿಲ್ಲ. ಆದರೂ ಹಳೆಯ ಚಟದಂತೆ ಅದು ನಡೆದೇ ಇದೆ.

ಅಡತಿಯವರು ಒಂದು ಪ್ರಶ್ನೆ ಕೇಳಿ ನೋಡಬಹುದು. ಎರಡು ಕೋಟಿಯ ಒಳಗಿನ ವಹಿವಾಟಿಗೆ ಪೂರ್ತಿ ವಹಿ ಇಡದೆ ಶೇಕಡಾ ಎಂಟು, ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇಕಡಾ ಆರು ಲಾಭವೆಂದು ಹಿಡಿಯುವ ಸುಲಭ ಪದ್ಧತಿ ಇದೆಯಲ್ಲ, ಅದು ನಮಗೆ ಸಲ್ಲುತ್ತದೆಯೇ ಎಂದು. ಕಮಿಷನ್, ದಲಾಲಿಯಿಂದ ಗಳಿಸುವವರಿಗೆ ಅದು ಸಲ್ಲುವುದಿಲ್ಲ. ನಿಮ್ಮದು ಸ್ವಂತ ಖರೀದಿಯೋ, ದಲಾಲಿಯೋ ಎಂದು ತಿರುಗಿ ಕೇಳದೆ ಥಟ್ಟನೆ ಹೂಂ ಎಂದವರಿಗೆ ಚಹಾ ಕುಡಿದು ನಮಸ್ಕಾರ ಹೇಳಿ ಬನ್ನಿರಿ. ಹೊಲವೂ ಅಂಗಡಿಯೂ ಇದ್ದವರು ಇನ್ನೊಂದು ಕೇಳಬಹುದು: ತೆರಿಗೆ ಇಲ್ಲದ ಹೊಲದ ಆದಾಯವನ್ನು ಬರೆಯಬೇಕೇ? ಅಂಗಡಿಯ ವರಮಾನ ತೆರಿಗೆಯ ಮಿತಿ ದಾಟಿದ್ದು, ಹೊಲದ್ದು ಐದು ಸಾವಿರ ಮೀರಿದ್ದರೆ, ದರ ಗೊತ್ತುಮಾಡುವುದಕ್ಕಾಗಿ ಅದನ್ನೂ ಕೂಡಿಸಬೇಕು. ಬರೆಯುವುದೇ ಬೇಡ ಎಂದವರು ಓದಿಲ್ಲವೆಂದು ತಿಳಿಯಬೇಕು. 1961ರ ಕಾಯ್ದೆಯ ಜಾಗಕ್ಕೆ ಹೊಸ ಆದಾಯ ತೆರಿಗೆ ಕಾಯ್ದೆ 2025ರಲ್ಲಿ ಅಂಗೀಕಾರವಾಗಿ, 2026ರ ಏಪ್ರಿಲ್ 1ರಿಂದ ಜಾರಿಯೆಂದು ಗೊತ್ತಾಯಿತು. ಕಲಮುಗಳ ನಂಬರು ಬದಲಾದವು. ಹಳೆಯ ನಂಬರನ್ನೇ ಜಪಿಸುವವರನ್ನೂ ಗಮನಿಸಿರಿ.

ವಿದ್ಯೆಗಿಂತ ಸೂಕ್ಷ್ಮವಾದ ಪರೀಕ್ಷೆ ಇನ್ನೊಂದಿದೆ. ಅವರ ಕಚೇರಿಯಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿರಿ. "ಫಲಾನೆಯವ್ರ ಅಂಗಡಿ ಈ ವರ್ಷ ಬಿತ್ತು ನೋಡ್ರಿ" ಎಂದು ಇನ್ನೊಬ್ಬರ ಲೆಕ್ಕದ ಸುದ್ದಿಯನ್ನು ನಿಮಗೆ ಹೇಳುವವರು, ನೀವು ಎದ್ದು ಹೋದ ಮೇಲೆ ನಿಮ್ಮದನ್ನು ಹೇಳುತ್ತಾರೆ. ಗುಟ್ಟು ಕಾಯುವುದು ಆ ಕಾಯಕದ ಅರ್ಧ ಭಾಗ.

ಕಾಯಕವೆಂದ ಮೇಲೆ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಮದುವೆಯ ಪೆಂಡಾಲಿಗೆ ಲಕ್ಷ ಸುರಿಯುವವರು ಲೆಕ್ಕಿಗರ ಶುಲ್ಕಕ್ಕೆ ಬಂದಾಗ ಕಾಯಿಪಲ್ಲೆಯಂತೆ ಚೌಕಾಸಿ ಮಾಡುತ್ತಾರೆ. ಚೀಲವನ್ನು ಕೊನೆಯ ತಾರೀಖಿನ ಹಿಂದಿನ ಸಂಜೆ ತಂದು ಸುರಿಯುತ್ತಾರೆ. ಅಂಥ ಸಂಜೆ ಯಾವ ಸಜ್ಜನನಾದರೂ ಎಷ್ಟು ಓದಿಯಾನು? ನೂರಾರು ಮಂದಿಯ ಚೀಲ ಅಲ್ಲಿ ಬಿದ್ದಿರುತ್ತದೆ. ತಕ್ಕ ಶುಲ್ಕ ಕೊಟ್ಟು, ಅದಕ್ಕೆ ರಸೀದಿ ಪಡೆದು, ದಿನವಿರುವಾಗಲೇ ಕಾಗದ ಕೊಟ್ಟರೆ, ಪ್ರತಿಯೊಂದು ಸಾಲಿನ ಅರ್ಥ ಕೇಳುವ ಹಕ್ಕು ನಮಗಿರುತ್ತದೆ.

ಆ ಅಡತಿಯ ಸದ್ಭಕ್ತರ ಮಾತಿಗೆ ಮರಳುತ್ತೇವೆ. ಎರಡು ತಿಂಗಳ ನಂತರ ಒಂದು ಸೋಮವಾರ ಅವರು ಬಂದರು. ಸಿಟ್ಟು ಇಳಿದಿತ್ತು, ಮುಖ ಬಾಡಿತ್ತು. ಮಠದಿಂದ ಹೋದ ಸಂಜೆಯೇ, ಮನೆಯಲ್ಲಿ ಬಿ.ಕಾಂ. ಓದುವ ಮಗಳ ಕೈಯಲ್ಲಿ ಹಿಂದಿನ ವರ್ಷದ ರಿಟರ್ನು ತೆರೆಸಿ ಓದಿಸಿದ್ದರಂತೆ. ಅವರು ಹೆಸರನ್ನೂ ಕೇಳದ ಒಂದು ರಾಜಕೀಯ ಪಕ್ಷಕ್ಕೆ ಅವರು ದೊಡ್ಡ ದೇಣಿಗೆ ಕೊಟ್ಟಿದ್ದಾರೆಂದು ಅದರಲ್ಲಿ ಬರೆದಿತ್ತು. "ಅಪ್ಪಾ, ಈ ಪಾರ್ಟಿ ಯಾವುದು?" ಎಂದು ಮಗಳು ಕೇಳಿದಳಂತೆ. "ಆಕಿ ಮುಂದ ಏನ್ ಹೇಳ್ಬೇಕು ಮಾಸ್ತರ? ಬರದಾವ್ರು ಅವ್ರು ಅಂತ ಅನ್ನಾಕ ಬಾಯಿ ಬರ್ಲಿಲ್ಲ" ಎಂದರು.

ತಪ್ಪಾದ ರಿಟರ್ನನ್ನು ತಾವಾಗಿಯೇ ತಿದ್ದಿ ಉಳಿದ ತೆರಿಗೆ ಕಟ್ಟುವ ದಾರಿಯನ್ನು ಸರಕಾರ 2022ರಲ್ಲಿ ತೆರೆಯಿತು; 2025ರಲ್ಲಿ ಅದರ ಗಡುವನ್ನು ನಾಲ್ಕು ವರ್ಷಕ್ಕೆ ಹೆಚ್ಚಿಸಿತು. ಮೊದಲ ವರ್ಷದಲ್ಲಿ ತಿದ್ದಿದರೆ ತೆರಿಗೆ, ಬಡ್ಡಿಗಳ ಮೇಲೆ ಶೇಕಡಾ 25 ಹೆಚ್ಚಿಗೆ ಕಟ್ಟಬೇಕು, ತಡವಾದಷ್ಟೂ ಅದು ಏರುತ್ತದೆ. ಅವರ ಹಳೆಯ ಟ್ಯಾಕ್ಸಿನವರು "ಮಲಗಿದ ನಾಯಿನ್ಯಾಕ ಎಬ್ಬಿಸ್ತೀರಿ" ಎಂದರಂತೆ. ಸಾವಕಾರರು ಕಟ್ಟಿದರು. ಪೇಟೆಯಲ್ಲಿ ಹೊಸದಾಗಿ ಕಚೇರಿ ತೆರೆದ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ತಾಯಿಯವರ ಹತ್ತಿರ ಲೆಕ್ಕ ಒಯ್ದರು. ಆಕೆ ಮರಾಠಿಯವರು, ಕನ್ನಡ ಅಷ್ಟಕ್ಕಷ್ಟೆ. ಮಗಳು ಪಕ್ಕದಲ್ಲಿ ಕುಳಿತು ಸಾಲು ಸಾಲಾಗಿ ಓದಿ ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಾಳೆ. ಅಪ್ಪ ಹೂಂ ಎಂದ ಮೇಲೆ ಮುಂದಿನ ಸಾಲು. ಕೊನೆಯ ಆರು ಅಂಕಿಯನ್ನು ಈಗ ಸಾವಕಾರರೇ ಒತ್ತುತ್ತಾರೆ. "ಬಾಳ ಹೊತ್ತು ಹಿಡಿತೈತ್ರಿ" ಎಂದು ಅವರ ದೂರು.

ಈ ಸಲದ ಪಾಡ್ಯಕ್ಕೆ ಅವರು ಮತ್ತೆ 5,001 ರೂಪಾಯಿ ಕೊಟ್ಟರು, ಚೆಕ್ಕಿನಲ್ಲಿ. ಮಾಸ್ತರರು ಅಂಕಿಯಲ್ಲಿ ಬರೆದು ರಸೀದಿ ಹರಿಯಲು ಹೋದಾಗ ಸಾವಕಾರರು ಕೈ ಹಿಡಿದು ನಿಲ್ಲಿಸಿ, "ಅಕ್ಷರದಾಗೂ ಬರೀರಿ ಮಾಸ್ತರ" ಎಂದರು.